ನಾಲ್ಕನೆಯ ಹಾಡಿನ ಉಸಿರು

ಮನೆಯಿಂದ,
ಜುಲೈ ೧೪, ಭಾನುವಾರ, ಮಧ್ಯಾಹ್ನ

ಪ್ರೀತಿಯ ಮೊಂಡನಿಗೆ,

ಹೇಗಿದ್ದೀಯ? ಗಂಟಲು ಹೇಗಿದೆ? ವರ್ಷಗಟ್ಟಲೆ ಅರಚಿ ಅರಚಿ ಈಗ ಎಂಜಲು ನುಂಗಿದರೂ ನೋಯುತ್ತದೆ ಎಂದು ನೀನು ಕಳೆದ ಸಲ ಹೇಳಿದ್ದೆ. ಬಿಸಿನೀರಿಗೆ ಉಪ್ಪು ಹಾಕಿ ಮುಕ್ಕಳಿಸು. ವಾಸಿಯಾದ ಗಂಟಲಲ್ಲಿ ಹಾಡಬಾರದು ಎಂದು ನಿಮ್ಮ ತಂಡದಲ್ಲಿ ನಿಯಮವಿದ್ದರೆ ಕದ್ದು ಮುಕ್ಕಳಿಸು. ನಾನು ಚೆನ್ನಾಗಿದ್ದೇನೆ. ಸಂಜೆಯ ಹೊತ್ತಿಗೆ ಕಾಲು ಊದಿಕೊಳ್ಳುತ್ತದೆ, ದಿನವಿಡೀ ಯಂತ್ರದ ಮುಂದೆ ನಿಲ್ಲುವವರಿಗೆ ಅದು ಇದ್ದದ್ದೇ.

ನಿನ್ನ ಕಾರ್ಡು ಮೊನ್ನೆ ಶುಕ್ರವಾರ ತಲುಪಿತು. ‘ಅಪ್ಪನ ಕೊನೇ ದಿನಗಳಲ್ಲಿ ಪಕ್ಕದಲ್ಲಿ ಇರಬೇಕು ಅನ್ನಿಸಿದೆ ಅಕ್ಕ, ಇಪ್ಪತ್ತನಾಲ್ಕಕ್ಕೆ ಬರ್ತೀನಿ, ಡಾಕ್ಟರು ಎಷ್ಟು ದಿನ ಅಂದಿದ್ದಾರೆ ಸರಿಯಾಗಿ ಕೇಳಿ ಬರಿ’ ಎಂದು ಬರೆದಿದ್ದೀಯ. ಕಾರ್ಡನ್ನು ನಾಲ್ಕೈದು ಸಲ ಓದಿದೆ. ನೀನು ಬರುವುದು ಬೇಡ. ಯಾಕೆ ಎಂದು ನಿಧಾನವಾಗಿ ಬರೆಯುತ್ತೇನೆ. ನನಗೆ ಮಾತಿನಲ್ಲಿ ಜಗಳವಾಡಲು ಬರುವುದಿಲ್ಲ, ನಿನಗೆ ಗೊತ್ತು. ಹೇಗೂ ನೀನು ಫೋನು ಇಟ್ಟುಕೊಂಡಿಲ್ಲ.

ಆ ಫೋನಿನ ವಿಚಾರ ನನಗೆ ಈಚೆಗಷ್ಟೇ ಅರ್ಥವಾಯಿತು. ‘ಫೋನು ಇರುವವನು ಬೆಳಕಿನ ಆಳು’ ಎಂದು ನಿಮ್ಮ ತಂಡದ ಅಭಿಪ್ರಾಯವಂತೆ. ನಮ್ಮ ಜೆರಾಕ್ಸ್ ಅಂಗಡಿಗೆ ಕನ್ನಡಕದಂಗಡಿಯ ಕೆಲಸಗಾರನೊಬ್ಬ ಮೇ ತಿಂಗಳಲ್ಲಿ ಬಂದ. ಉದ್ದ ಗಡ್ಡ, ಬಹಳ ಮೆದು ಸ್ವಭಾವ. ತಾನೇ ಬೆರಳಚ್ಚು ಮಾಡಿ ಅಂಟಿಸಿದ ಇಪ್ಪತ್ತು ಪುಟದ ಪತ್ರಿಕೆ ಅವನದು. ‘ಬ್ಲ್ಯಾಕ್ ಮೆಟಲ್ ಕೇಳೋರಿಗೆ ಮಾತ್ರ ಅಕ್ಕ, ನೂರೇ ಪ್ರತಿ’ ಎಂದ. ಸಾವು, ಕತ್ತಲೆ ಎಂದು ಅರಚುವ ಗಿಟಾರ್ ಸಂಗೀತವಂತೆ ಅದು. ಮುಖಪುಟದಲ್ಲಿ ತಂಡದ ಹೆಸರು ಬೇರು ಸಮೇತ ಕಿತ್ತ ಕಳೆಯ ಹಾಗಿತ್ತು. ತಲೆಕೆಳಗೆ ಇಟ್ಟುಬಿಟ್ಟೆನೇನೋ ಎಂದು ಕೇಳಿದರೆ ‘ಹೇಗಿಟ್ಟರೂ ಓದೋಕಾಗಲ್ಲ ಬಿಡಿ’ ಎಂದು ನಕ್ಕ. ನಾನು ಎಂದಿನಂತೆ ಗಾಜು ಒರೆಸಿ, ಮಸಿ ಹದ ಮಾಡಿ, ನೂರು ಪ್ರತಿ ಕನ್ನಡಿಯ ಹಾಗೆ ತೆಗೆದುಕೊಟ್ಟೆ. ಮಾರನೆಯ ದಿನ ಕಟ್ಟು ಹೊತ್ತುಕೊಂಡು ವಾಪಸು ಬಂದ. ‘ಇಷ್ಟು ನೀಟಾಗಿದ್ರೆ ನನ್ನ ಮುಖಕ್ಕೆ ಎಸೀತಾರೆ. ಪ್ರತಿಯ ಪ್ರತಿ ತೆಗೀರಿ, ಅದರದ್ದೂ ಪ್ರತಿ ತೆಗೀರಿ. ಅಕ್ಷರ ಕೊಳೀಬೇಕು.’ ನಮ್ಮ ಯಜಮಾನರು ‘ಹೇಳಿ ಹಾಳು ಮಾಡಿಸ್ಕೊಳ್ಳೋ ಗಿರಾಕಿಯನ್ನ ಇವತ್ತೇ ನೋಡಿದ್ದು’ ಎಂದರು. ಹಾಗಾಗಿ ಅಕ್ಷರ ಎಷ್ಟು ಕೊಳೆತಿದೆ ಎಂದು ನೋಡುವುದಕ್ಕಾಗಿ ಪ್ರತಿ ಪುಟವನ್ನೂ ಮೂರು ಸಲ ಕಣ್ಣಿಟ್ಟು ನೋಡಬೇಕಾಯಿತು. ಮೊದಲನೆಯ ಸಲವೇ ಕೆಟ್ಟದಾಗಿ ತೆಗೆದಿದ್ದರೆ ನಾನು ಏನನ್ನೂ ಓದುತ್ತಿರಲಿಲ್ಲ.

ನಿಮ್ಮ ಸಂದರ್ಶನ ಒಂಬತ್ತನೆಯ ಪುಟದಲ್ಲಿತ್ತು. ತಂಡದ ಹೆಸರನ್ನು ನೀನು ನನಗೆ ಹೇಳಿರಲಿಲ್ಲ, ಚಿತ್ರದಲ್ಲಿ ಮುಖಕ್ಕೆ ಸುಣ್ಣ, ಕಣ್ಣ ಸುತ್ತ ಮಸಿ, ಆದ್ದರಿಂದ ಯಾರೋ ಎಂದೇ ಓದಿದೆ. ಓದುತ್ತ ನಗುವೂ ಬಂತು. ನಿಮ್ಮ ಮೇಲೆ ಪ್ರಭಾವ ಬೀರಿದವರು ಯಾರು ಎಂದು ಕೇಳಿದ್ದಕ್ಕೆ ಚಳಿದೇಶದ ನಾಲ್ಕು ಹಳೆಯ ತಂಡಗಳ ಹೆಸರು ಹೇಳಿ, ‘ಮೊದಲ ಕ್ಯಾಸೆಟ್ಟಿನ ತನಕ ಮಾತ್ರ, ಆಮೇಲೆ ಅವರು ಶ್ರುತಿ ಮಾಡಿಕೊಳ್ಳಲು ಶುರುಮಾಡಿದರು’ ಎಂದು ನಾಲ್ವರನ್ನೂ ತೆಗೆದುಹಾಕಿದ್ದೀರಿ. ನಿಮ್ಮ ಪ್ರಕಾರ ಜಗತ್ತಿನ ಅತ್ಯುತ್ತಮ ಸಂಗೀತ ಕೆಡುತ್ತಿರುವ ಫ್ರಿಜ್ಜಿನದು, ಎರಡನೆಯದು ಕಲ್ಲು ಕೊಯ್ಯುವ ಯಂತ್ರದ್ದು. ಗಿಟಾರಿಗೆ ಹೊಸ ತಂತಿ ಹಾಕುವವನು ಅಂಗಡಿಯವನ ಅಳಿಯ. ಬೇಸ್ ಗಿಟಾರ್ ನುಡಿಸುವವನನ್ನು ಇಟ್ಟುಕೊಂಡಿರುವುದು ಸಾಮಾನು ಹೊರಲು. ಬೇಸಿಗೆಯನ್ನು ಕಾನೂನು ಮಾಡಿ ನಿಲ್ಲಿಸಬೇಕು. ವಿಮರ್ಶಕರಲ್ಲಿ ನಂಬಬಹುದಾದದ್ದು ಬೆಕ್ಕು ಮಾತ್ರ, ಅದು ಎದ್ದು ಹೋದರೆ ಹಾಡು ಚೆನ್ನಾಗಿದೆ ಎಂದರ್ಥ. ಹಾಡುಗಾರನ ಹೆಸರು ಶವಪಾಲಕ. ನೀನು ಸತ್ತ ಜಿರಳೆಯನ್ನು ನೋಡಿ ಅಮ್ಮನ ಸೆರಗಿನೊಳಗೆ ತಲೆ ಹಾಕುತ್ತಿದ್ದವನು. ಅದು ನೀನೆಂದು ಗೊತ್ತಿದ್ದರೆ ಅಲ್ಲೇ ಜೋರಾಗಿ ನಕ್ಕುಬಿಡುತ್ತಿದ್ದೆ.

ಕೆಳಗೆ ಆ ಗಡ್ಡದವನು ಕೇಳಿದ್ದ, ನಾಲ್ಕನೆಯ ಹಾಡಿನ ಮೊದಲಲ್ಲಿ ಬರುವುದು ಯಾವ ಯಂತ್ರದ ಸದ್ದು ಎಂದು. ಶವಪಾಲಕನ ಉತ್ತರವನ್ನು ಇದ್ದ ಹಾಗೇ ಇಲ್ಲಿ ಬರೆಯುತ್ತೇನೆ, ನನಗೆ ಬಾಯಿಪಾಠವಾಗಿದೆ. ‘ಯಂತ್ರವಲ್ಲ. ಒಬ್ಬಳು ಸಾಯುತ್ತಿರುವುದು. ಹನ್ನೊಂದು ದಿನ ಕಾದು ಹಿಡಿದೆ. ಉಣ್ಣೆಯ ಟೋಪಿಯೊಳಗೆ ರೆಕಾರ್ಡರು ಇಟ್ಟಿದ್ದೆ, ಆಗಾಗ ಟೋಪಿಗೆ ಚರ್ಮ ಉಜ್ಜಿದ ಸದ್ದೂ ಬಂದಿದೆ, ಅದು ಅದೃಷ್ಟ.’ ಯಾರು ಆಕೆ ಎಂದು ಮತ್ತೆ ಕೇಳಿದ್ದಕ್ಕೆ ‘ಯಾರೂ ಅಲ್ಲ, ಯಾರೋ ಒಬ್ಬಳು. ಹೊಸ ಕ್ಯಾಸೆಟ್ಟಿಗೆ ಒಂದು ಗಂಡಸಿನ ಉಸಿರು ಬೇಕು, ನೋಡೋಣ’ ಎಂದಿತ್ತು.

ಎರಡನೆಯ ಸಲದ ಪ್ರತಿ ತೆಗೆಯುವಾಗ ಈ ಸಾಲು ಸ್ವಲ್ಪ ಮಸುಕಾಯಿತು. ಮೂರನೆಯ ಸಲ ಇನ್ನೂ ಮಸುಕಾಯಿತು. ಆದರೂ ಓದಲು ಬರುತ್ತಿತ್ತು.

ಹನ್ನೊಂದು ದಿನ, ಉಣ್ಣೆಯ ಟೋಪಿ, ಇವೆರಡೂ ತಲೆಯಲ್ಲಿ ಉಳಿದವು; ಮನೆಗೆ ಬಂದು ನನ್ನ ದಿನಚರಿಯ ಹಳೆಯ ಪುಸ್ತಕ ತೆಗೆದೆ. ನಾನು ದಿನಕ್ಕೆ ನಾಲ್ಕು ಸಾಲು ಬರೆಯುವವಳು. ಅಮ್ಮನ ಕಡೆಯ ದಿನಗಳ ಪುಟಗಳಲ್ಲಿ ಬರೆದಿದ್ದೇನೆ: ‘ತಮ್ಮ ಬಂದ. ಬಂದವನು ಅಮ್ಮನ ಪಕ್ಕದಿಂದ ಎದ್ದಿಲ್ಲ. ಅಮ್ಮನಿಗೆ ಗಾಳಿ ಆಗುವುದಿಲ್ಲ ಎಂದು ಫ್ಯಾನು ನಿಲ್ಲಿಸಲು ಹೇಳಿದ.’ ಮಾರನೆಯ ದಿನ: ‘ಅಮ್ಮನ ಮೈಯೆಲ್ಲ ಬೆವರು. ಫ್ಯಾನು ಹಾಕಲೇ ಎಂದರೆ ತಮ್ಮ ಬೇಡ ಎಂದ.’ ಆರನೆಯ ದಿನ: ‘ಅಮ್ಮನ ಕತ್ತು ನೋಯುತ್ತದೆ, ದಿಂಬು ತೆಗಿ ಎಂದ. ತೆಗೆದೆ. ಉಸಿರು ಸ್ವಲ್ಪ ಜೋರಾಯಿತು. ತಮ್ಮನಿಗೆ ಎಷ್ಟು ತಿಳಿದಿದೆ, ನನಗೆ ಏನೂ ತಿಳಿಯುವುದಿಲ್ಲ.’ ಆ ದಿಂಬನ್ನು ತೆಗೆದದ್ದು ನನ್ನ ಕೈ. ನಿನಗೆ ಹಾಡು ಸಿಕ್ಕಿತು, ನನಗೆ ಇದು ಸಿಕ್ಕಿತು. ನೀನು ತಲೆದೆಸೆಯಲ್ಲಿ ಇಟ್ಟಿದ್ದ ಆ ಟೋಪಿ ನಿನ್ನದೆಂದು ಅಮ್ಮ ಅದನ್ನು ಕೆನ್ನೆಗೆ ಒತ್ತಿಕೊಳ್ಳುತ್ತಿದ್ದಳು. ನನ್ನನ್ನು ಹತ್ತಿರ ಕರೆದು ಏನೆಂದಳು ಗೊತ್ತೇ? ‘ನೀನು ದಿನಾ ಇರ್ತೀಯ, ಅದು ಬಿಡು. ಅವನು ಬಂದಿದ್ದಾನಲ್ಲೇ.’ ಎರಡು ವರ್ಷ ಅವಳ ಬಟ್ಟೆ ಬದಲಾಯಿಸಿದವಳು ನಾನು. ಅದು ಬಿಡು.

ಅಪ್ಪನಿಗೆ ಹೇಳಬಾರದು ಎಂದು ಒಂದು ತಿಂಗಳು ತಡೆದೆ. ಅಷ್ಟರಲ್ಲಿ ಅವರು ಹಾಸಿಗೆ ಹಿಡಿದಿದ್ದರು, ಜೂನ್ ಮೊದಲ ವಾರ ನಿನಗೆ ಬರೆದೆನಲ್ಲ. ಅಮ್ಮ ಮಲಗುತ್ತಿದ್ದ ಮಂಚವೇ ಬೇಕೆಂದರು. ಹಾಲು ಕುಡಿಸುವಾಗ, ಮೈ ಒರೆಸುವಾಗ ಒಂದೇ ಮಾತು, ‘ಅವನಿಗೆ ಬರಿ, ಅಮ್ಮನಿಗೆ ಬಂದವನು ನನಗೆ ಬರದೆ ಇರ್ತಾನಾ.’ ನನಗೆ ಕೇಳಿ ಕೇಳಿ ಸಾಕಾಯಿತು. ಒಂದು ಬೆಳಗ್ಗೆ ಆ ಪುಟ ತಂದು ಪಕ್ಕದಲ್ಲಿ ಕೂತು, ಒಂದಕ್ಷರ ಬಿಡದೆ ಓದಿದೆ. ಫ್ಯಾನಿನದೂ ಹೇಳಿದೆ, ದಿಂಬಿನದೂ ಹೇಳಿದೆ. ನೋಯಿಸಬೇಕೆಂದೇ ಓದಿದೆ, ಇದರಲ್ಲಿ ಮುಚ್ಚುಮರೆ ಇಲ್ಲ. ಅಪ್ಪ ಸೂರು ನೋಡುತ್ತ ಕೇಳಿಸಿಕೊಂಡರು. ಆಮೇಲೆ ‘ಟೋಪಿಯೊಳಗೆ ಇಟ್ಟನಾ? ಪೆದ್ದ. ಉಣ್ಣೆ ಸುತ್ತಿದರೆ ಮೇಲಿನ ಸ್ವರ ಎಲ್ಲಾ ಸತ್ತುಹೋಗುತ್ತೆ’ ಎಂದರು. ನಲವತ್ತು ವರ್ಷ ಊರವರ ರೇಡಿಯೊ ಬಿಚ್ಚಿ ಕರಕರ ತೆಗೆದ ಮನುಷ್ಯ. ನಾನು ಕಾದಿದ್ದು ಬೇರೆ ಏನಕ್ಕೋ. ‘ಗಂಡಸಿನದು ಬೇಕು ಅಂದಿದ್ದಾನಲ್ಲ, ನಂದು ತಗೊಳ್ಳಲಿ. ನಾನು ಸರಿಯಾಗಿ ಹಿಡಿದು ಕೊಡ್ತೀನಿ. ಆ ಹಳೇ ಡಬ್ಬ ಅಟ್ಟದಿಂದ ಇಳಿಸು’ ಎಂದರು. ಅವರ ಮುಖದಲ್ಲಿ ಅಂಥ ಕಳೆಯನ್ನು ನಾನು ಅಮ್ಮ ಹೋದ ಮೇಲೆ ನೋಡಿರಲಿಲ್ಲ. ಅಂಗಡಿ ತೆರೆಯುವ ಹೊತ್ತಿನ ಕಳೆ ಅದು.

ಮೂರು ದಿನ ಅದೇ ಕೆಲಸ. ಗೋಡೆ ಗಡಿಯಾರವನ್ನು ಕಂಬಳಿಯಲ್ಲಿ ಸುತ್ತಿ ಅಡುಗೆಮನೆಯಲ್ಲಿ ಇಡಿಸಿದರು. ಕಿಟಕಿ ಮುಚ್ಚಿಸಿದರು. ಟೇಪ್ ರೆಕಾರ್ಡರಿನ ಹೆಡ್ಡನ್ನು, ಅಂದರೆ ಟೇಪು ತಾಗಿ ಓಡುವ ತುಂಡನ್ನು, ಮಲಗಿದಲ್ಲಿಂದಲೇ ಹೇಳಿ ಹೇಳಿ ನನ್ನ ಕೈಯಲ್ಲಿ ಸ್ಪಿರಿಟ್ಟು ಹಚ್ಚಿ ಒರೆಸಿಸಿದರು. ಮೈಕನ್ನು ಗಲ್ಲದಿಂದ ಒಂದು ಗೇಣು ದೂರದಲ್ಲಿ ಹಿಡಿದುಕೊಂಡು ನಾನು ಮಂಡಿಯೂರಿ ಕೂರಬೇಕು. ಮೊದಲನೆಯ ಸಲ ಸರಿಬರಲಿಲ್ಲ. ಕೇಳಿಸಿಕೊಂಡು, ‘ಇದು ಯಾರದ್ದು ಹಿಂದೆ? ನೀನು ಉಸಿರಾಡ್ತಿದ್ದೀಯಲ್ಲ. ನೀನು ಉಸಿರಾಡಬೇಡ, ಸೇರಿಕೊಳ್ಳುತ್ತೆ’ ಎಂದರು. ಹಾಗಾಗಿ ನಾನು ಮೈಕನ್ನು ಕುರ್ಚಿಗೆ ಕಟ್ಟಿ ಬಾಗಿಲಾಚೆ ಹೋಗಿ ನಿಂತೆ. ಒಳಗೆ ಅವರು ಮಗನಿಗೋಸ್ಕರ ಉಸಿರಾಡುತ್ತಿದ್ದರು, ಬೇಕೆಂದೇ ಜೋರಾಗಿ, ನಡುನಡುವೆ ನಿಲ್ಲಿಸಿ. ಒಳ್ಳೆಯ ಕೆಲಸಗಾರರು ಅವರು. ಕ್ಯಾಸೆಟ್ಟಿನ ನಲವತ್ತೈದು ನಿಮಿಷದ ಒಂದು ಪಕ್ಕ ಪೂರ್ತಿ ತುಂಬಿತು. ಚೀಟಿಯ ಮೇಲೆ ನಿನ್ನ ಹೆಸರು ಬರೆಸಿ, ಇವತ್ತೇ ಅಂಚೆಗೆ ಹಾಕು ಎಂದು ಕೊಟ್ಟರು. ಅವತ್ತಿನ ದಿನಚರಿಯಲ್ಲಿ ನಾನು ಬರೆದದ್ದು ಒಂದೇ ಸಾಲು: ‘ಉಸಿರಾಡಬೇಡ ಎಂದರು.’

ಇದಿಷ್ಟು ನಿನಗೆ ತಿಳಿದಿರಲಿ ಎಂದು ಬರೆದೆ. ನೀನು ಬಂದು ಪಕ್ಕದಲ್ಲಿ ಕೂರುವಂಥದ್ದು ಇಲ್ಲಿ ಏನೂ ಇಲ್ಲ. ಕಾರ್ಯಕ್ರಮಗಳನ್ನು ಬಿಟ್ಟು ಪ್ರಯಾಣ ಮಾಡಬೇಡ. ಡ್ರಮ್ಮು ಬಾರಿಸುವ ನಿನ್ನ ಗೆಳೆಯನಿಗೂ, ಸಾಮಾನು ಹೊರುವ ಆ ಪಾಪದವನಿಗೂ ನಾನು ಕೇಳಿದೆನೆಂದು ಹೇಳು. ತಂಡ ದೊಡ್ಡದಾಗಲಿ ಎಂದು ಹರಸಿದರೆ ನಿಮಗೆ ಅವಮಾನ, ಆದ್ದರಿಂದ ಹೊಸ ಕ್ಯಾಸೆಟ್ಟಿನ ನೂರಕ್ಕೆ ನೂರೂ ಪ್ರತಿ ಮನೆಯಲ್ಲೇ ಉಳಿಯಲಿ ಎಂದು ಹರಸುತ್ತೇನೆ. ಹೊತ್ತಿಗೆ ಸರಿಯಾಗಿ ಊಟ ಮಾಡು.

ಇಂತಿ,
ನಿನ್ನ ಅಕ್ಕ

ಮರೆತ ಮಾತು: ಲಕೋಟೆ ಅಂಟಿಸಿದ ಮೇಲೆ ಮತ್ತೆ ಬಿಚ್ಚಿದ್ದೇನೆ, ಅಂಚು ಹರಿದಿದೆ, ಬೇಸರ ಮಾಡಿಕೊಳ್ಳಬೇಡ. ಕ್ಯಾಸೆಟ್ಟನ್ನು ನಾನು ಅಂಚೆಗೆ ಹಾಕಲಿಲ್ಲ. ಅಪ್ಪ ದಿನಾ ಬೆಳಗ್ಗೆ ‘ಏನಂದ?’ ಎಂದು ಕೇಳುತ್ತಿದ್ದರು. ಆರು ದಿನ ‘ಇನ್ನೂ ಬಂದಿಲ್ಲ’ ಎಂದೆ. ಏಳನೆಯ ದಿನ ಹಾಲು ಕುಡಿಸುತ್ತಿದ್ದಾಗ ಮತ್ತೆ ಕೇಳಿದರು. ಆಗ ‘ಉತ್ತರ ಬಂತಪ್ಪ, ಚೆನ್ನಾಗಿಲ್ಲವಂತೆ, ಬೇಡವಂತೆ’ ಎಂದೆ. ಯಾಕೆ ಎಂದು ಕೇಳಲಿಲ್ಲ. ‘ಹೌದು, ನಂದು ಅಷ್ಟೇನಿಲ್ಲ. ಅವಳದು ಬೇರೆ’ ಎಂದರು. ಆಮೇಲೆ ಎರಡು ದಿನ ಇದ್ದರು. ಕಳೆದ ಮಂಗಳವಾರ ಬೆಳಗ್ಗೆ ಏಳು ಗಂಟೆಗೆ ಹೋದರು, ಎಲ್ಲ ಮುಗಿಯಿತು. ಫ್ಯಾನು ಹಾಕಿಟ್ಟಿದ್ದೆ, ತಲೆಗೆ ಎರಡು ದಿಂಬು ಕೊಟ್ಟಿದ್ದೆ. ಆ ಎರಡು ದಿನವೂ ನಾನು ಕೋಣೆಯೊಳಗೆ ಹೋದ ಕೂಡಲೇ ಅವರು ಟವೆಲ್ಲನ್ನು ಬಾಯಿಗೆ ಅಡ್ಡ ಹಿಡಿಯುತ್ತಿದ್ದರು, ಉಸಿರು ನನಗೆ ಕೇಳಿಸಬಾರದೆಂದು.