ನಮ್ಮಣ್ಣ ಕರೆಂಟು ಬೇಡ ಅಂದಿರಲಿಲ್ಲ

ವಿದ್ಯುತ್ ಸಹಕಾರ ಸಂಘದ ಮುಖ್ಯ ವ್ಯವಸ್ಥಾಪಕರಿಗೆ,

ಮಾನ್ಯರೇ,

ನಿಮ್ಮ ಕಡತದಲ್ಲೊಂದು ಸುಳ್ಳಿದೆ. ‘ಅರ್ಜಿದಾರರು ಬೇಡಿಕೆಯನ್ನು ಹಿಂತೆಗೆದುಕೊಂಡಿದ್ದಾರೆ’ ಎಂದು ಅಲ್ಲಿ ಬರೆದಿದೆ. ಅರ್ಜಿದಾರ ನನ್ನ ಅಣ್ಣ ರೆಯ್ನೊ ಕಲ್ಲಿಯೊ. ಫೆಬ್ರವರಿಯಲ್ಲಿ ತೀರಿಕೊಂಡ. ಬದುಕಿದ್ದಾಗ ಅವನು ಕರೆಂಟು ಬೇಡ ಎಂದು ಯಾರಿಗೂ ಹೇಳಿದವನಲ್ಲ. ಆ ಒಂದು ಸಾಲನ್ನು ಹೊಡೆದುಹಾಕಿ ಎಂದು ಮೂರು ಸಲ ಫೋನಿನಲ್ಲಿ ಕೇಳಿದೆ. ಈಗ ಪತ್ರಿಕೆಯಲ್ಲಿ, ಎಲ್ಲರ ಮುಂದೆ ಕೇಳುತ್ತಿದ್ದೇನೆ.

ರೆಯ್ನೊ ಮೂವತ್ತೊಂದು ವರ್ಷ ಕಬ್ಬಿಣದ ಗಣಿಯಲ್ಲಿ ದುಡಿದ. ಗಣಿ ಅವನಿಗೆ ಒಂದು ಗಡಿಯಾರ ಕೊಟ್ಟಿತು, ಎದೆ ತುಂಬ ಧೂಳು ಕೊಟ್ಟಿತು. ಕೊನೆಯ ಎರಡು ವರ್ಷ ಆಮ್ಲಜನಕದ ಯಂತ್ರವಿಲ್ಲದೆ ಅವನಿಗೆ ನಿದ್ದೆಯಿಲ್ಲ. ಯಂತ್ರಕ್ಕೆ ಕರೆಂಟು ಬೇಕು. ಜಿಂಕೆ ಬೇಟೆಯ ಕಾಲಕ್ಕೆಂದು ಅಪ್ಪ ಕಾಡಿನಲ್ಲಿ ಕಟ್ಟಿದ ನಮ್ಮ ಶಿಕಾರಿ ಕ್ಯಾಂಪಿನಲ್ಲಿ ಕರೆಂಟಿಲ್ಲ. ಜನರೇಟರಿನ ಹೊಗೆ ಆ ಶ್ವಾಸಕೋಶಕ್ಕೆ ವಿಷ ಎಂದು ಡಾಕ್ಟರು ಹೇಳಿದ್ದರು. ಐವತ್ತೆರಡು ವರ್ಷ, ಶಿಕಾರಿ ಶುರುವಾಗುವ ನವೆಂಬರ್ ಹದಿನೈದರ ಬೆಳಗನ್ನು ಅಲ್ಲೇ ಕಂಡವನು ಇನ್ನೊಂದೇ ಒಂದು ಬೆಳಗು ಕೇಳಿದ. ಗಣಿಗೆ ಹಗಲಿರುಳು ಕರೆಂಟು ಹೊರುವ ನಿಮ್ಮ ಕಂಬಗಳು ನಮ್ಮ ಬಾಗಿಲಿನಿಂದ ನಾನೂರು ಗಜ ದೂರದಲ್ಲಿವೆ. ಧೂಳು ಮಾಡುವವರಿಗೆ ಸಿಗುವುದು ಧೂಳು ತಿಂದವನಿಗೆ ಸಿಗಬಾರದೆ?

ಹೋದ ವರ್ಷ ಮಾರ್ಚಿನಲ್ಲಿ ಅರ್ಜಿ ಹಾಕಿದ. ಶಿಕಾರಿ ಕ್ಯಾಂಪ್ ಮನೆಯಲ್ಲ, ಬೇರೆ ನಮೂನೆಯಲ್ಲಿ ಬರೆಯಿರಿ ಎಂದಿರಿ. ಬರೆದ. ಕಾಯಂ ಅಡಿಪಾಯದ ಚಿತ್ರ ಬೇಕೆಂದಿರಿ. ಕಳಿಸಿದ. ರಸ್ತೆಯ ಬದಿಗೆ ಮನೆ ನಂಬರಿನ ಫಲಕ ಬೇಕೆಂದಿರಿ. ನೆಟ್ಟೆವು; ಜಿಂಕೆಗಳು ಈಗ ಅದಕ್ಕೆ ಬೆನ್ನು ಉಜ್ಜಿಕೊಳ್ಳುತ್ತವೆ. ಪ್ರತಿ ಪತ್ರದ ತಲೆಯಲ್ಲೂ ‘ಪ್ರಿಯ ಸದಸ್ಯ-ಮಾಲೀಕರೇ’ ಎಂದು ಅಚ್ಚಾಗಿತ್ತು. ಮಾಲೀಕನನ್ನು ಇಷ್ಟು ಅಲೆಸುವ ಆಳುಗಳನ್ನು ನಾನು ಬೇರೆಲ್ಲೂ ಕಂಡಿಲ್ಲ.

ಸೆಪ್ಟೆಂಬರಿನಲ್ಲಿ ನಿಮ್ಮ ಸರ್ವೆಯವನು ಬಂದ. ಕಂಬಗಳು ಎಲ್ಲಿ ಬರಬೇಕೆಂದು ಮರಗಳಿಗೆ ಗುಲಾಬಿ ಬಣ್ಣದ ಪ್ಲಾಸ್ಟಿಕ್ ಪಟ್ಟಿ ಕಟ್ಟಿ ಹೋದ. ಒಂದು ಚೀಟಿ ಇಡಲಿಲ್ಲ, ಒಂದು ಫೋನು ಮಾಡಲಿಲ್ಲ.

ನಮ್ಮ ಕಾಡಿನಲ್ಲಿ ಅದೇ ಪಟ್ಟಿಗೆ ಬೇರೆ ಕೆಲಸವಿದೆ. ಗಾಯಗೊಂಡ ಜಿಂಕೆಯ ನೆತ್ತರಿನ ಜಾಡು ಹಿಡಿದು ಹೋಗುವವನು ದಾರಿ ತಪ್ಪದಿರಲೆಂದು ಮರಕ್ಕೆ ಪಟ್ಟಿ ಕಟ್ಟುತ್ತ ಹೋಗುತ್ತಾನೆ. ಜಿಂಕೆ ಸಿಕ್ಕ ಮೇಲೆ ಬಿಚ್ಚುತ್ತ ಬರುತ್ತಾನೆ. ಬಿಚ್ಚದೆ ಬಿಟ್ಟವನಿಗೆ ಮರ್ಯಾದೆಯಿಲ್ಲ. ಯಾರಾದರೂ ಮರೆತು ಬಿಟ್ಟಿದ್ದರೆ ಕಂಡವನು ಬಿಚ್ಚಬೇಕು.

ಅಕ್ಟೋಬರಿನ ಒಂದು ಮಧ್ಯಾಹ್ನ ರೆಯ್ನೊನನ್ನು ಕ್ಯಾಂಪಿಗೆ ಕರೆದುಕೊಂಡು ಹೋಗಿದ್ದೆ. ಹೆಗಲ ಸಿಲಿಂಡರಿನಲ್ಲಿ ನಾಲ್ಕು ಗಂಟೆಯ ಉಸಿರಿತ್ತು. ನಾನು ಮಾಂಸ ತುಂಬಿದ ಪ್ಯಾಸ್ಟಿ ಕಡುಬು ಬಿಸಿ ಮಾಡುತ್ತಿದ್ದಾಗ ಹೊರಗೆ ಹೋದವನು ಒಂದೂವರೆ ಗಂಟೆ ಬರಲಿಲ್ಲ. ಬಂದಾಗ ತುಟಿ ನೀಲಿಯಾಗಿತ್ತು, ಮುಖದಲ್ಲಿ ನಗುವಿತ್ತು.

“ಏ ವೆರ್ನಾ, ಯಾವನೋ ದಡ್ಡ ಪಟ್ಟಿ ಕಟ್ಟಿ ಹಂಗೇ ಬಿಟ್ಟೋಗಿದ್ದ ಕಣೇ. ಎಲ್ಲಾ ಬಿಚ್ಚಿದೆ. ಹದಿನೇಳು!”

“ನಿನ್ನ ತಲೆ! ಉಸಿರಾಡೋಕೇ ಆಗಲ್ಲ, ಕಾಡು ಗುಡಿಸೋಕೆ ಹೊರಟ.”

“ಬಂದೂಕು ಹೊರೋಕಂತೂ ಆಗಲ್ಲ. ಇದಾದ್ರೂ ಮಾಡ್ಬೇಡ್ವಾ?”

“ಜಿಂಕೆ ಎಲ್ಲಿಗೆ ಹೋಗಿತ್ತಂತೆ?”

“ನೆಟ್ಟಗೆ ರಸ್ತೆಗೆ. ಗೆರೆ ಎಳ್ದಂಗೆ. ಅದ್ಯಾವ್ದೋ ಇಂಜಿನಿಯರ್ ಜಿಂಕೆ.”

ಇಬ್ಬರೂ ನಕ್ಕೆವು. ಯಾವ ಜಿಂಕೆಯೂ ನೆಟ್ಟಗೆ ಓಡುವುದಿಲ್ಲ. ಅದು ಇಬ್ಬರಿಗೂ ಗೊತ್ತಿತ್ತು.

ಎರಡು ವಾರದ ಮೇಲೆ ನಿಮ್ಮ ಕೆಲಸಗಾರರು ಬಂದು, ಗುರುತು ಕಾಣದೆ ವಾಪಸು ಹೋದರು. ‘ಹಿಂತೆಗೆದುಕೊಂಡಿದ್ದಾರೆ’ ಎಂದು ಬರೆದು ನೀವು ಕಡತ ಮುಚ್ಚಿದಿರಿ. ನಾನು ಫೋನು ಮಾಡಿದಾಗ ನಿಮ್ಮ ಗುಮಾಸ್ತೆ ಸಮಾಧಾನವಾಗಿಯೇ ಮಾತಾಡಿದಳು.

“ಗುರುತು ನೀವೇ ತೆಗ್ದಿದೀರಲ್ಲ ಮೇಡಂ.”

“ತಪ್ಪಾಯ್ತಮ್ಮ, ಗೊತ್ತಿಲ್ದೆ ತೆಗ್ದಿದ್ದು. ಇನ್ನೊಂದ್ಸಲ ಕಟ್ಸಿ.”

“ಹೊಸ ಅರ್ಜಿ ಹಾಕ್ಬೇಕಾಗತ್ತೆ. ಇನ್ನೇನು ನೆಲ ಹೆಪ್ಪುಗಟ್ಟತ್ತೆ, ಕಂಬ ನೆಡೋದು ಮೇ ಬಂದ್ಮೇಲೇನೇ.”

“ಅವನ ಹತ್ರ ಮೇ ತಿಂಗಳಿಲ್ಲ ಕಣಮ್ಮ.”

“ಅರ್ಜಿ ನಮೂನೆ ಕಳಿಸ್ಲಾ ಮೇಡಂ?” ಎಂದಳು.

ಆ ಹುಡುಗಿಯ ಮೇಲೆ ನನಗೆ ಸಿಟ್ಟಿಲ್ಲ. ಕಾಗದದ ಕಾರ್ಖಾನೆಯಲ್ಲಿ ಎರಡು ಮುಷ್ಕರ ನಡೆಸಿದವಳು ನಾನು. ಕಿಟಕಿಯ ಹಿಂದೆ ಕೂತವರಿಗೆ ಮಾತು ಬರೆದುಕೊಡುವವರು ಬೇರೆ ಎಂದು ನನಗೆ ಗೊತ್ತು. ಪಟ್ಟಿ ಬಿಚ್ಚಿದ್ದು ನಮ್ಮ ತಪ್ಪು, ಒಪ್ಪುತ್ತೇನೆ. ಒಂದು ಫೋನು ಮಾಡದೆ ಒಬ್ಬನ ಬಾಯಿಂದ ‘ಬೇಡ’ ಹೇಳಿಸಿದ್ದು ಯಾರ ತಪ್ಪು?

ನವೆಂಬರ್ ಹದಿನೈದರಂದು ರೆಯ್ನೊ ಕಿತ್ತಳೆ ಬಣ್ಣದ ಶಿಕಾರಿ ಕೋಟು ತೊಟ್ಟು ಪಟ್ಟಣದ ಮನೆಯ ಕಿಟಕಿಯಲ್ಲಿ ಕೂತ. ಎದುರಿಗೆ ಪೆಟ್ರೋಲ್ ಬಂಕು. ಯಂತ್ರ ಗುರ್ರೆನ್ನುತ್ತಿತ್ತು. ನಾನು ಕಾಫಿ ಕೊಟ್ಟೆ, ಆರಿತು. ಪಟ್ಟಿಗಳು ಯಾರವೆಂದು ಅವನಿಗೆ ಕೊನೆಯವರೆಗೂ ಹೇಳಲಿಲ್ಲ. ಸಂಸ್ಕಾರದ ದಿನ ನಾನು ಅಳಲಿಲ್ಲ. ಇನ್ನೂ ಅತ್ತಿಲ್ಲ. ಕಳೆದ ವಾರ ಆ ಕೋಟನ್ನು ಯಾರಿಗಾದರೂ ಕೊಡೋಣವೆಂದು ಜೇಬು ನೋಡಿದೆ. ಹದಿನೇಳೂ ಅಲ್ಲಿದ್ದವು, ನೀಟಾಗಿ ಸುತ್ತಿದ್ದವು.

ಎರಡು ಕೆಲಸ ಮಾಡಿ. ಆ ಸಾಲನ್ನು ಹೊಡೆದು, ‘ಅರ್ಜಿದಾರರು ಕೊನೆಯವರೆಗೂ ಕಾದರು’ ಎಂದು ಬರೆಯಿರಿ. ಈ ನವೆಂಬರ್ ಹದಿನೈದರೊಳಗೆ ಕರೆಂಟು ಕೊಡಿ. ಯಾರಿಗೆ ಎಂದು ಕೇಳಬೇಡಿ. ಕೇಳಿದವನಿಗೆ ಕೊಡಿ. ನಿಮ್ಮ ಸರ್ವೆಯವನು ಮತ್ತೆ ಬರುವ ಅಗತ್ಯವಿಲ್ಲ. ನಿನ್ನೆ ಹಿಮದಲ್ಲಿ ನಡೆದು, ನಿಮ್ಮ ಕಂಬದಿಂದ ನಮ್ಮ ಬಾಗಿಲವರೆಗೆ ಹದಿನೇಳು ಪಟ್ಟಿಗಳನ್ನೂ ಕಟ್ಟಿದ್ದೇನೆ. ಮರಗಳು ಅವೇ ಹೌದೋ ಅಲ್ಲವೋ ತಿಳಿಯದು, ತಿಳಿದಿದ್ದವನು ಇಲ್ಲ. ಬಿಚ್ಚುವವನೂ ಇಲ್ಲ.

ಇಂತಿ, ನಿಮ್ಮ ಪತ್ರಗಳನ್ನು ನಂಬುವುದಾದರೆ ನಿಮ್ಮ ಸಂಘದ ಒಡತಿ,
ವೆರ್ನಾ ಕಲ್ಲಿಯೊ
ಉತ್ತರ ಮಿಷಿಗನ್