ನನ್ನನ್ನ ಬಿಟ್ಟು ನೋಡಿದ ಡೈನೋಸಾರ್

ಹಲ್ಲಿಮರಿ,

ಬೇಕರಿ ಒಲೆ ಹಚ್ಚೋಕೆ ಹೊರಟಿದ್ದೀನಿ. ನಿನ್ನನ್ನ ಎಬ್ಬಿಸಲಿಲ್ಲ, ಎಬ್ಬಿಸಿದ್ದರೆ ಜಗಳವೇ ಆಗ್ತಿತ್ತು.

ಹಾಲು ಕಾಯಿಸಿಟ್ಟಿದ್ದೀನಿ. ಮೋಟರ್ ಹಾಕಿದರೆ ಆರಿಸೋದನ್ನ ಮರೀಬೇಡ.

ಒಗೆಯೋಕೆ ಹಾಕಿದ ನಿನ್ನ ಪ್ಯಾಂಟಿನ ಜೇಬಲ್ಲಿ ಡೈನೋಸಾರ್ ಸಿನಿಮಾದ ಟಿಕೆಟ್ ಸಿಕ್ಕಿತು. ಹಿಂದಿನ ಭಾಗಗಳನ್ನೆಲ್ಲ ಜೊತೆಗೆ ನೋಡಿದ ಅಪ್ಪ ಈಗ ಬೇಡವಾದನೇನೋ! ನಾನೂ ಒಬ್ಬನೇ ಹೋಗಿ ನೋಡಿಬಂದೆ.

ಎಂಥ ದರಿದ್ರ ಸಿನಿಮಾನೇ ಅದು! ಮೊದಲ ಭಾಗದಲ್ಲಿ ಆ ಮೃಗದ ಉಸಿರು ಕೇಳಿದ್ದಕ್ಕೇ ನೀನು ನನ್ನ ಸ್ವೆಟರ್ ಒಳಗೆ ತಲೆ ತೂರಿಸಿದ್ದೆ. ಈಗ ಹೆಸರು ಬೀಳೋ ಮೊದಲೇ ಹಿಂಡುಗಟ್ಟಲೆ ಬಂದು ನಿಲ್ಲುತ್ತವೆ, ಸಂತೆಗೆ ಹೊಡ್ಕೊಂಡು ಬಂದ ದನಗಳ ಹಾಗೆ. ಅದರಲ್ಲಿ ಒಂದಕ್ಕೆ ಎರಡು ತಲೆ ಬೇರೆ. ಒಂದು ತಲೆಗೇ ಕಥೆ ಇಲ್ಲ, ಎರಡನೆಯದು ಯಾಕಂತೆ?

ಡೈನೋಸಾರ್ ಮೊದಲು ಯಾರನ್ನ ನುಂಗುತ್ತೆ ಅಂತ ಪ್ರತಿ ಸಲ ನಮ್ಮಿಬ್ಬರ ಪಂದ್ಯ, ಸೋತವರು ಪಾತ್ರೆ ತೊಳೀಬೇಕು ಅಲ್ವಾ? ರೂಢಿಯಂತೆ ಪಕ್ಕಕ್ಕೆ ಬಗ್ಗಿ "ಕನ್ನಡಕದವನು ಹೋದ ನೋಡು" ಅಂದೆ. ಪಕ್ಕದ ಸೀಟಿನ ಹೆಂಗಸು "ಸುಮ್ನೆ ಕೂತ್ಕೊಳ್ಳಿ ಯಜಮಾನ್ರೇ" ಅಂತ ಗದರಿದಳು. ಕನ್ನಡಕದವನೇ ಹೋದ. ಗೆದ್ದು ಏನು ಬಂತು, ಮಣ್ಣು!

ಸಿಂಕಿನ ಪಾತ್ರೆಯೆಲ್ಲ ನಿನ್ನದೇ. ತಳ ಸೀದ ಬಾಣಲೆಯನ್ನ ಬೇಕಂತಲೇ ಬಿಟ್ಟಿದ್ದೀನಿ.

ಮುಂದಿನ ಭಾಗ ಇದಕ್ಕಿಂತ ಹದಗೆಟ್ಟಿರುತ್ತೆ, ಬರೆದಿಟ್ಟುಕೋ. ಅದಕ್ಕೂ ನನ್ನನ್ನ ಬಿಟ್ಟು ಹೋದರೆ ಗ್ರಹಚಾರ ಬಿಡಿಸ್ತೀನಿ.

ಅಪ್ಪ