ಹುಟ್ಟಿದ ಕೂಡಲೇ ತೀರಿಕೊಂಡ ಗೋಲು

ಮೈದಾನದ ಪೂರ್ವ ಸ್ಟ್ಯಾಂಡಿನ ಚಕ್ರವರ್ತಿಗಳೂ, ರೆಫರಿಗಳ ಪಾಲಿಗೆ ಸಿಂಹಸ್ವಪ್ನವೂ, ಸದ್ಯ ಮೇಲಿನ ಉಚಿತ ಗ್ಯಾಲರಿಯಲ್ಲಿ ವಿರಾಜಮಾನರೂ ಆದ ಸಿರಿಲ್ ತಾತನವರ ದಿವ್ಯ ಸನ್ನಿಧಿಗೆ,

ಅಲ್ಲಿಗೆ ಅಂಚೆಯಿಲ್ಲವೆಂದು ಗೊತ್ತಿದ್ದೂ ವರದಿ ಒಪ್ಪಿಸುತ್ತಿದ್ದೇನೆ. ನಮ್ಮ ಸ್ಕಾರ್ತ್‌ಬಿ ಫುಟ್‌ಬಾಲ್ ತಂಡ ಲೀಗಿನ ಕೊನೆಯ ಪಂದ್ಯವನ್ನು ಇಂದು ಒಂದೇ ಗೋಲಿನಿಂದ ಸೋತಿತು. ಕೊನೇ ಗಳಿಗೆಯಲ್ಲಿ ನಾವು ಹೊಡೆದ ಗೋಲನ್ನು ರೆಫರಿ ಆಫ್‌ಸೈಡ್ ಎಂದು ತಳ್ಳಿಹಾಕಿದ. ಮೇಲಿನ ದರ್ಜೆಗೆ ಏರಲು ಶನಿವಾರ ಪರವೂರಿನಲ್ಲಿ ಆಡುವ ಪ್ಲೇಆಫ್‌ಗೆ ಹೇಗೂ ಹೋಗುತ್ತೇವೆ, ಆದರೂ ನಮ್ಮ ಪಬ್ಬಿಗೆ ಸೂತಕ ಬಡಿದಿತ್ತು.

"ಶನಿವಾರ ಮ್ಯಾಚಿಗೆ ನಾನಂತೂ ಬಸ್ ಹತ್ತಲ್ಲ," ಎಂದ ನಿಮ್ಮ ಗೆಳೆಯ ವಿಲ್ಫ್. ಉಳಿದವರೂ ತಲೆಯಾಡಿಸಿದರು.

ನಾನು ಪೈ ತಿಂಡಿ ತಂದಿದ್ದ ಖಾಲಿ ಡಬ್ಬಿಗೆ ಕ್ಲಬ್ಬಿನ ಮಫ್ಲರ್ ಹೊದಿಸಿ, ಗೋಲಿನ ಶವಯಾತ್ರೆ ಹೊರಡಿಸಿದೆ.

"ಟೋಪಿ ತೆಗೀರಿ ವಿಲ್ಫ್ ಮಾಮ, ಹೆಣ ಬರ್ತಿದೆ!"

"ಅಯ್ಯೋ ಕಂದಾ, ಹುಟ್ಟಿದ ತಕ್ಷಣ ಹೋಗ್ಬಿಟ್ಯಲ್ಲೋ!" ಎಂದು ಬಿಯರ್ ಸುರಿಯುವ ಎನಿಡ್ ಎದೆ ಬಡಿದುಕೊಂಡಳು.

"ಪಕ್ಕದಲ್ಲೇ ಇನ್ನೊಂದು ಗುಂಡಿ ತೋಡ್ರೋ, ರೆಫರಿ ಕನ್ನಡಕಕ್ಕೆ!" ಎಂದು ವಿಲ್ಫ್ ನಕ್ಕ ನಗುವಿಗೆ ಅವನ ಹಲ್ಲಿನ ಸೆಟ್ಟೇ ಸಡಿಲವಾಯಿತು. ಶನಿವಾರದ ಬಸ್ಸಿಗೆ ಮೊದಲು ಹೆಸರು ಕೊಟ್ಟವನೂ ಅವನೇ. ಈಗ ಬಸ್ಸು ಭರ್ತಿ.

ಚರಮಭಾಷಣ ನನ್ನದು. ಅದು ಆಫ್‌ಸೈಡ್ ಅಲ್ಲವೇ ಅಲ್ಲವೆಂದು ಮೇಜು ಗುದ್ದಿ ಸಾಧಿಸಿದೆ. "ಥೇಟ್ ಸಿರಿಲ್ಲೇ!" ಎಂದರು ಎಲ್ಲರೂ.

ತಾತಾ, ನಿನಗೊಬ್ಬನಿಗೇ ಹೇಳುತ್ತೇನೆ. ಆಫ್‌ಸೈಡ್ ಅಂದರೇನೆಂದು ನನಗೆ ಇವತ್ತಿಗೂ ಗೊತ್ತಿಲ್ಲ. ನೀನು ಹೇಳಿಕೊಡುವಾಗಲೆಲ್ಲ ನಾನು ಹೂಂಗುಟ್ಟುತ್ತಾ ನಿನ್ನ ಚಿಪ್ಸ್ ತಿನ್ನುತ್ತಿದ್ದೆ.